ಕಿವಿ ಮೇಷ್ಟ್ರ ಪರೀಕ್ಷೆ

"ಯಾವುದು ಚೆನ್ನಾಗಿತ್ತು ಮೇಷ್ಟ್ರೇ, ಮೊದಲನೇದೋ ಎರಡನೇದೋ?"

ಇನ್ಸ್‌ಪೆಕ್ಟರಮ್ಮ ಕೇಳಿದ್ದು ತರಕಾರಿ ಅಂಗಡಿಯಲ್ಲಿ ಕೇಳುವಂಥ ಸಣ್ಣ ಪ್ರಶ್ನೆ. ಆದರೂ ಆ ಮುಂದಿನ ಕೋಣೆಯಲ್ಲಿ ಇದ್ದವರೆಲ್ಲ ಮೇಷ್ಟ್ರ ಬಾಯಿ ನೋಡಿದರು.

ಕಿವಿ ಮೇಷ್ಟ್ರು ತಮ್ಮ ಹಳೆಯ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಎದುರಿನ ಗೋಡೆಯ ಎರಡು ಮೂಲೆಗಳಲ್ಲಿ ಅವರ ಸ್ಪೀಕರುಗಳು ನಿಂತಿದ್ದವು. ಎದೆಯೆತ್ತರದ ಮರದ ಪೆಟ್ಟಿಗೆಗಳು, ಅರ್ಧ ಆಯಸ್ಸು ಕಳೆದರೂ ಮೆರುಗು ಕಳೆಯದ ಮರ. ಮೇಷ್ಟ್ರು ಧ್ವನಿಮುದ್ರಣದ ಕೆಲಸದಲ್ಲೇ ತಲೆ ಬೆಳ್ಳಗಾದವರು. ತುಂಬಿದ ವಾದ್ಯಮೇಳದಲ್ಲಿ ಒಂದೇ ಒಂದು ತಂತಿ ಕೂದಲೆಳೆಯಷ್ಟು ಸಡಿಲವಾದರೂ ಕೈಯೆತ್ತಿ ನಿಲ್ಲಿಸುತ್ತಿದ್ದರು. ಆ ಹೆಸರು ಬಂದದ್ದೇ ಹಾಗೆ. ಈ ಮನೆಯ ಮಹಡಿಯ ಮೇಲಿರುವ ಸ್ಟುಡಿಯೋದಿಂದ ಅವರು 'ಹೂಂ' ಎನ್ನದೆ ಒಂದು ಹಾಡೂ ಹೊಸಿಲು ದಾಟಿದ್ದಿಲ್ಲ.

"ಎರಡನೇದು," ಎಂದರು ಮೇಷ್ಟ್ರು. "ಅನುಮಾನವೇ ಬೇಡ. ಪಿಟೀಲಿನ ತುದಿ ಇದೆಯಲ್ಲ, ಗಾಜು ಮುಟ್ಟಿದ ಹಾಗೆ ಬಂತು."

ಅವರ ಮಗಳು ನೆಲ ನೋಡಿದಳು.

ಎರಡನೆಯ ಸಲ ಬಂದದ್ದು ಕಂಬಳಿಯೊಳಗೆ ಕೂತು ಹಾಡಿದಂಥ ದನಿ. ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು. ಸಂಗೀತದ ಗಂಧಗಾಳಿ ಇಲ್ಲದ ದಫೇದಾರನಿಗೆ ಕೂಡ.

ಈ ಸ್ಪೀಕರುಗಳ ಒಳಗಿನ, ದನಿ ಹಂಚುವ ಕ್ರಾಸ್‌ಓವರ್ ಹೊಸದು ಮಾಡಲು ಬಂದಿದ್ದ ರಿಪೇರಿ ಅಣ್ಣ ಹೋದ ವಾರ ಇದೇ ಮನೆಯ ಹಿಂದಿನ ಕೋಣೆಯಲ್ಲಿ ತಲೆಯೊಡೆದು ಬಿದ್ದಿದ್ದ. ಇನ್ನೂ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ.

ಕೋಣೆಯ ಇನ್ನೊಂದು ತುದಿಯಲ್ಲಿ, ಬಾಗಿಲಿಗೆ ಒರಗಿ, ಅವನ ಹೆಂಡತಿ ನಿಂತಿದ್ದಳು. ಕೂತ್ಕೊಳ್ಳಿ ಎಂದರೂ ಕೂತಿರಲಿಲ್ಲ. "ಬನ್ನಿ, ನಿಮ್ಮ ಯಜಮಾನರಿಗೆ ಹೊಡೆದವರು ಯಾರು ಅಂತ ಇವತ್ತು ನಿಮ್ಮ ಕಣ್ಣಾರೆ ನೋಡಿ," ಎಂದು ಇನ್ಸ್‌ಪೆಕ್ಟರಮ್ಮನೇ ಅವಳನ್ನು ಕರೆಸಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಕಾವಲಿದ್ದ ದಫೇದಾರನನ್ನೂ ಬೇಡಿ ತರಲು ಹೇಳಿ ಕರೆಸಿಕೊಂಡಿದ್ದರು. ಅಷ್ಟು ಧೈರ್ಯ ಅವರಿಗೆ.

ಧೈರ್ಯಕ್ಕೆ ಕಾರಣ ಇಲ್ಲದಿರಲಿಲ್ಲ. ಹಿಂದಿನ ಕೋಣೆಯ ಮೊಳೆಗೆ ತೂಗುಹಾಕಿದ್ದ ಮೇಷ್ಟ್ರ ಕಂದು ಕೋಟಿನ ತೋಳಿಗೆ ರಕ್ತ ಹತ್ತಿತ್ತು. ಅದಕ್ಕಿಂತ ದೊಡ್ಡ ಸುಳಿವು ಸಿಕ್ಕಿದ್ದು ಸ್ಪೀಕರಿನ ಹೊಟ್ಟೆಯಲ್ಲಿ.

ಪೊಲೀಸ್ ವೈರ್‌ಲೆಸ್ ವಿಭಾಗದ ತಂತ್ರಜ್ಞ ನಿನ್ನೆ ಪೆಟ್ಟಿಗೆಯ ಹಿಂಬದಿಯ ಹಲಗೆ ಬಿಚ್ಚಿ ತೋರಿಸಿದ್ದ. "ನೋಡಿ ಮೇಡಂ, ಒಳಗೆ ಬರೋ ದನಿಯನ್ನ ಈ ಕ್ರಾಸ್‌ಓವರ್ ಎರಡು ಪಾಲು ಮಾಡುತ್ತೆ. ದಪ್ಪ ದನಿ ಈ ದೊಡ್ಡ ಕೋನಿಗೆ, ಸಣ್ಣ ದನಿ ಮೇಲಿನ ಈ ಪುಟ್ಟ ಟ್ವೀಟರಿಗೆ. ಟ್ವೀಟರಿನ ದಾರಿಯಲ್ಲಿ ಒಂದು ಕೆಪಾಸಿಟರ್ ಇರುತ್ತೆ. ವಯಸ್ಸಾದ್ರೆ ಒಣಗಿ ಹೋಗುತ್ತೆ. ಆ ಅಣ್ಣ ಎರಡೂ ಪೆಟ್ಟಿಗೆಯಿಂದ ಹಳೇದನ್ನ ಕಿತ್ತಿದ್ದಾನೆ, ಹೊಸದು ಹಾಕೋ ಮೊದಲೇ ಪೆಟ್ಟು ಬಿದ್ದಿದೆ. ಅವತ್ತು ಮಧ್ಯಾಹ್ನ ಈ ಸ್ಪೀಕರಲ್ಲಿ ಸಣ್ಣ ದನಿ ಅನ್ನೋದೇ ಬರ್ತಿರ್ಲಿಲ್ಲ."

ಮೇಷ್ಟ್ರ ಹೇಳಿಕೆ ಬೇರೆಯೇ ಇತ್ತು. ಅಣ್ಣ ಹೊಸ ಕೆಪಾಸಿಟರ್ ಹಾಕಿಕೊಟ್ಟು ಹಿಂದಿನ ಕೋಣೆಗೆ ಹೋದ, ನಾನು ಇಲ್ಲೇ ಕೂತು ರೆಕಾರ್ಡು ಕೇಳುತ್ತಿದ್ದೆ, ಸಣ್ಣ ದನಿ ಹಿಂದೆಂದೂ ಅಷ್ಟು ಸೊಗಸಾಗಿ ಕೇಳಿರಲಿಲ್ಲ ಎಂದಿದ್ದರು.

ಇಲ್ಲದ ದನಿಯನ್ನು ಹೊಗಳಿದವನು ಆ ಕುರ್ಚಿಯಲ್ಲಿ ಕೂತಿರಲೇ ಇಲ್ಲ. ಕೂತಿರದಿದ್ದರೆ ಎಲ್ಲಿದ್ದ? ಇನ್ಸ್‌ಪೆಕ್ಟರಮ್ಮನಿಗೆ ಇದು ಸುಲಿದ ಬಾಳೆಹಣ್ಣಿನಷ್ಟು ಸಲೀಸಾಗಿ ಕಂಡಿತ್ತು.

ಅದಕ್ಕೇ ಈ ಪರೀಕ್ಷೆ. ವೈರ್‌ಲೆಸ್ಸಿನವನು ಹೊಸ ಕೆಪಾಸಿಟರುಗಳನ್ನು ಬೆಸುಗೆ ಹಾಕಿ, ಟ್ವೀಟರಿನ ದಾರಿಗೊಂದು ಸ್ವಿಚ್ಚು ಕೂರಿಸಿದ್ದ. ಮೊದಲ ಸಲ ಟ್ವೀಟರ್ ಇತ್ತು, ಎರಡನೇ ಸಲ ಇರಲಿಲ್ಲ. ಮೇಷ್ಟ್ರು ಥಟ್ಟನೆ ವ್ಯತ್ಯಾಸ ಹೇಳುತ್ತಾರೆ, ಆಗ 'ಅವತ್ತೇಕೆ ಗೊತ್ತಾಗಲಿಲ್ಲ?' ಎಂದು ಕೇಳುವುದು, ಅವರ ಬಾಯಿ ಕಟ್ಟುತ್ತದೆ. ಹೀಗೆಲ್ಲ ಲೆಕ್ಕ ಹಾಕಿದ್ದರು.

ಮೇಷ್ಟ್ರು ವ್ಯತ್ಯಾಸ ಹೇಳಿದರು. ತಲೆಕೆಳಗಾಗಿ.

"ಇನ್ನೊಂದ್ಸಲ ಹಾಕಪ್ಪ," ಎಂದರು ಇನ್ಸ್‌ಪೆಕ್ಟರಮ್ಮ.

ಈ ಸಲ ಟ್ವೀಟರ್ ಇತ್ತು. ಮೇಷ್ಟ್ರ ರೆಪ್ಪೆ ಎಳೆಯಷ್ಟು ತೆರೆಯಿತು. ಕಣ್ಣು ಸ್ಪೀಕರಿನ ಕಡೆ ಹೋಗಲಿಲ್ಲ, ಮಗಳ ಮುಖಕ್ಕೆ ಹೋಯಿತು. ಮಗಳು ಕಂಡೂ ಕಾಣದಂತೆ ಗಲ್ಲ ಕೆಳಗಿಳಿಸಿದಳು.

"ಈಗ ಬಂತು ನೋಡಿ," ಎಂದರು ಮೇಷ್ಟ್ರು.

ಇನ್ಸ್‌ಪೆಕ್ಟರಮ್ಮನಿಗೆ ಆ ನೋಟ ಸಿಕ್ಕಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಪ್ಪ ಮಗಳು ಸೇರಿ ತಮ್ಮ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂಬ ಸಿಟ್ಟು ನೆತ್ತಿಗೇರಿತ್ತು.

"ನೀವು ಎದ್ದು ಅವರ ಹಿಂದೆ ನಿಂತ್ಕೊಳ್ಳಿ," ಎಂದರು ಮಗಳಿಗೆ.

"ಮೇಡಂ, ಸಾಕು."

"ನಿಂತ್ಕೊಳ್ಳಿ ಅಂದೆ."

ಮಗಳು ಎದ್ದು ಕುರ್ಚಿಯ ಹಿಂದೆ ಹೋದಳು. ಇನ್ಸ್‌ಪೆಕ್ಟರಮ್ಮ ವೈರ್‌ಲೆಸ್ಸಿನವನ ಹತ್ತಿರ ಬಗ್ಗಿ, "ದೊಡ್ಡ ಕೋನು ತೆಗಿ. ಟ್ವೀಟರ್ ಒಂದೇ ಇರಲಿ," ಎಂದರು. ಅವನು ಒಮ್ಮೆ ಅವರ ಮುಖ ನೋಡಿ, ತಂತಿ ಕಳಚಿ, ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ.

ಸಣ್ಣ ದನಿ ಮಾತ್ರ ಹೊರಟಿತು. ಒಣಗಿದ ಎಲೆ ಉಜ್ಜಿದಂತೆ, ಕಾದ ಕಾವಲಿಗೆ ನೀರು ಚಿಮುಕಿಸಿದಂತೆ. ಕಿವಿಗೆ ಚುಚ್ಚುವಷ್ಟು ಸ್ಪಷ್ಟ. ಪಿಟೀಲಿನ ಮೈ ಹೋಗಿ ಬರೀ ಉಗುರು ಉಳಿದಿತ್ತು. ಅಣ್ಣನ ಹೆಂಡತಿ ಭುಜ ಮುದುಡಿದಳು.

ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕಾದರು. ಬೆರಳು ಕುರ್ಚಿಯ ತೋಳಿನ ಮೇಲೆ ಸಿದ್ಧವಾಗಿ ನಿಂತಿತ್ತು. ಹಾಡಿನ ಅರ್ಧ ಚರಣ ಹೋಯಿತು.

"ಯಾಕೆ ತಡ?" ಎಂದರು ಮೇಷ್ಟ್ರು. "ಶುರು ಮಾಡಿ."

ಯಾರೂ ಹೇಳದಿದ್ದರೂ ವೈರ್‌ಲೆಸ್ಸಿನವನು ಮುಳ್ಳು ಎತ್ತಿಬಿಟ್ಟ.

ಮೇಷ್ಟ್ರು ಕಣ್ಣು ತೆರೆದರು. ಎತ್ತಿ ಹಿಡಿದ ಮುಳ್ಳನ್ನು ನೋಡಿದರು. ತಿರುಗುತ್ತಿದ್ದ ರೆಕಾರ್ಡನ್ನು ನೋಡಿದರು. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ದಫೇದಾರ ಬೇರೆ ದಾರಿ ಕಾಣದೆ ಕೈಯಲ್ಲಿದ್ದ ಬೇಡಿಯನ್ನು ಬೆನ್ನ ಹಿಂದೆ ಮರೆಮಾಡಿದ.

"ಆಗಲೇ ಶುರುವಾಗಿತ್ತಾ?"

ಇನ್ಸ್‌ಪೆಕ್ಟರಮ್ಮನಿಗೆ ಯಾರದೋ ಸ್ನಾನದ ಮನೆಯ ಬಾಗಿಲು ದೂಡಿ ಒಳಗೆ ನುಗ್ಗಿದ ಹಾಗಾಯಿತು. ಮುದುಕ ಸುಳ್ಳು ಹೇಳಿರಲಿಲ್ಲ. ಅಣ್ಣ ಎದ್ದು ಹೋದದ್ದು ಕಂಡು ಕೆಲಸ ಮುಗಿಯಿತೆಂದುಕೊಂಡು ಅವತ್ತೂ ಅದೇ ಕುರ್ಚಿಯಲ್ಲಿ ಕೂತಿದ್ದ, ಮುಂದಿದ್ದ ಸ್ಪೀಕರು ಅರ್ಧ ಸತ್ತಿತ್ತು, ಅವನಿಗೆ ಗೊತ್ತಾಗಿರಲಿಲ್ಲ. ಅದನ್ನು ಹೀಗೆ, ಇಷ್ಟು ಜನರನ್ನು ಸೇರಿಸಿ, ಬಯಲಿಗೆಳೆಯಬೇಕಾಗಿರಲಿಲ್ಲ.

"ಮೇಷ್ಟ್ರೇ, ನಾನು..."

"ಬೇಡಮ್ಮ." ಅವರು ಎರಡೂ ಕೈ ಮುಂದೆ ಚಾಚಿದರು. "ಬೇಡಿ ತಂದಿದ್ದೀರಲ್ಲ, ಹಾಕಿ. ಹೊಡೆದಿದ್ದು ನಾನೇ ಅಂತ ಬರ್ಕೊಳ್ಳಿ, ಸಹಿ ಮಾಡ್ತೀನಿ. ಹೊರಗಡೆ ಅದನ್ನೇ ಹೇಳಿ. ಇದನ್ನ ಹೇಳಬೇಡಿ."

"ಏನು ಮಾತಾಡ್ತಿದ್ದೀರಿ ನೀವು?"

"ಕೊಲೆಗಡುಕ ಅಂದ್ರೆ ಜನ ನಾಲ್ಕು ದಿನ ಬೈತಾರೆ. ಕಿವಿ ಮೇಷ್ಟ್ರಿಗೆ ಕಿವಿ ಇಲ್ಲ ಅಂದ್ರೆ ನಗ್ತಾರಮ್ಮ."

ಯಾರಿಗೂ ನಗು ಬರಲಿಲ್ಲ. ಇನ್ಸ್‌ಪೆಕ್ಟರಮ್ಮ ಚಾಚಿದ್ದ ಕೈಗಳನ್ನು ಹಿಡಿದು ಮೆಲ್ಲಗೆ ಕುರ್ಚಿಯ ತೋಳಿನ ಮೇಲೆ ಇಟ್ಟರು.

"ಅಣ್ಣನಿಗೆ ಗೊತ್ತಿತ್ತಾ?" ಎಂದರು. ಈಗ ಅವರ ದನಿ ತಗ್ಗಿತ್ತು. ಅದು ಕೇಳಿಸದೆ ಮೇಷ್ಟ್ರು ಕಿವಿ ಮುಂದೆ ಮಾಡಿದಾಗ ಮತ್ತೊಮ್ಮೆ ನಾಚಿಕೆಯಾಗಿ, ಜೋರಾಗಿ ಕೇಳಿದರು.

"ಗೊತ್ತಿತ್ತು. ಟ್ವೀಟರಿನ ದನಿಯನ್ನ ತಡೆಯೋ ರೆಸಿಸ್ಟರ್ ಒಂದಿರುತ್ತೆ, ಅದನ್ನ ಇಳಿಸಿಬಿಡು, ಜೋರಾಗಿ ಬರಲಿ ಅಂತ ಹೋದ ವರ್ಷದಿಂದ ಅವನ ಜೀವ ತಿಂತಿದ್ದೆ. ಅವನು ಇಳಿಸ್ತಾ ಹೋದ. ಬಂದವರೆಲ್ಲ ಕಿವಿ ಮುಚ್ಚಿಕೊಳ್ಳೋ ಹಾಗಾಯ್ತು, ನನಗೆ ಮಾತ್ರ ಏನೂ ಇಲ್ಲ. ಕೊನೆಗೆ ಅವನೇ ಅಂದ, 'ಮೇಷ್ಟ್ರೇ, ತಪ್ಪು ನಿಮ್ಮ ಕಿವೀದಲ್ಲ, ಕೆಪಾಸಿಟರ್ ಒಣಗಿದೆ, ಕ್ರಾಸ್‌ಓವರೇ ಹೊಸದು ಮಾಡಿಬಿಡೋಣ' ಅಂತ." ಮೇಷ್ಟ್ರು ಅಣ್ಣನ ಹೆಂಡತಿಯ ಕಡೆ ತಿರುಗಿದರು. "ನಿನ್ನ ಗಂಡ ನನ್ನ ಮಾನ ಮುಚ್ಚೋಕೆ ಆ ಕೆಲಸ ಹಿಡಿದಿದ್ದಮ್ಮ. ಅವನಿಗೆ ನಾನು ಕೈ ಎತ್ತುತ್ತೀನಾ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನನಗೂ ಗೊತ್ತಿತ್ತು ಅಪ್ಪ," ಎಂದಳು ಕುರ್ಚಿಯ ಹಿಂದೆ ನಿಂತಿದ್ದ ಮಗಳು. ಅವರಿಗೆ ಕೇಳಿಸಲಿಲ್ಲ. ಅವಳು ಮುಂದೆ ಬಂದು, ಅವರ ಮಂಡಿಯ ಹತ್ತಿರ ಕೂತು, ತುಟಿ ಕಾಣುವಂತೆ ಇನ್ನೊಮ್ಮೆ ಹೇಳಿದಳು. "ನೀವು ಸರಿ ಅಂದ ಹಾಡುಗಳನ್ನೆಲ್ಲ ಆಮೇಲೆ ನಾನು ಸರಿ ಮಾಡಿ ಕಳಿಸ್ತಿದ್ದೆ."

"ಎಷ್ಟು ಹಾಡು?"

"ಎಲ್ಲಾನೂ."

ಮೇಷ್ಟ್ರು ಹೆಗಲ ಮೇಲಿದ್ದ ಟವೆಲಿನಿಂದ ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಅಲ್ಲಿಂದ ಎದ್ದು ಹೋಗಿಬಿಡೋಣ ಎನ್ನಿಸಿತು ಇನ್ಸ್‌ಪೆಕ್ಟರಮ್ಮನಿಗೆ. ಆದರೆ ಕೆಲಸದ ಬುದ್ಧಿ ಸುಮ್ಮನಿರಲಿಲ್ಲ. ಅದು ಮೇಷ್ಟ್ರ ಹೇಳಿಕೆಯ ಒಂದು ತುಂಡನ್ನು ಹಿಡಿದು ಎಳೆಯುತ್ತಿತ್ತು.

"ಮೇಷ್ಟ್ರೇ, ಒಂದು ಮಾತು. ಅವತ್ತು ಮಗಳು ಮಹಡಿ ಮೇಲೆ ಕೊಳಲಿನ ಟೇಪು ಹಾಕ್ಕೊಂಡು ಕೆಲಸ ಮಾಡ್ತಿದ್ದರು, ಅದು ನನಗಿಲ್ಲಿ ಕೇಳಿಸ್ತಿತ್ತು ಅಂದಿದ್ರಿ. ಅವರು ಕೆಳಗೆ ಬಂದಿಲ್ಲ ಅನ್ನೋದಕ್ಕೆ ನಮಗಿರೋ ಸಾಕ್ಷಿ ಅದೊಂದೇ."

"ಹೌದು, ಅಂದಿದ್ದೆ."

"ನಿಜವಾಗಿ ಕೇಳಿಸ್ತಾ?"

ಮೇಷ್ಟ್ರು ತಲೆ ತಗ್ಗಿಸಿದರು. "ಕೇಳಿಸ್ತಾ ಅಂತ ಯಾರಾದ್ರೂ ಕೇಳಿದ್ರೆ, ಕೇಳಿಸ್ತು ಅಂತಲೇ ಹೇಳೋದು ನಾನು. ಅದು ಅಭ್ಯಾಸವಾಗಿಹೋಗಿದೆ."

ಎಲ್ಲರ ಕಣ್ಣೂ ಮಗಳ ಮೇಲೆ ಬಿದ್ದವು. ಅವಳು ಮಂಡಿಯೂರಿದ್ದಲ್ಲಿಂದ ಏಳಲಿಲ್ಲ.

"ನಾನು ಕೆಳಗೆ ಬಂದಿದ್ದೆ," ಎಂದಳು.

"ಯಾವಾಗ?"

"ಅಣ್ಣನಿಗೆ ಚಹಾ ಬೇಕಾ ಅಂತ ಕೇಳೋಕೆ ಬಂದೆ. ಈ ಕೋಣೆಗೆ ಬರದೆ ನೇರವಾಗಿ ಹಿಂದಿನ ಕೋಣೆಯ ಬಾಗಿಲು ತೆಗೆದೆ. ಅಣ್ಣ ನೆಲದ ಮೇಲೆ ಬಿದ್ದಿದ್ರು, ತಲೆ ಹತ್ರ ರಕ್ತ. ಪಕ್ಕದಲ್ಲಿ..." ಅವಳು ಅಪ್ಪನ ಕಡೆ ನೋಡಲಿಲ್ಲ. "ಪಕ್ಕದಲ್ಲಿ ಅಪ್ಪ ನಿಂತಿದ್ರು. ನನಗೆ ಬೆನ್ನು ಹಾಕ್ಕೊಂಡು."

"ನಾನಾ?" ಎಂದರು ಮೇಷ್ಟ್ರು.

"ಕಂದು ಕೋಟು ಹಾಕಿದ್ರಿ. ನಾನು ಅಲ್ಲೇ ನಿಂತು 'ಅಪ್ಪಾ' ಅಂದೆ. ತಿರುಗಲಿಲ್ಲ. ನಾನು ಬಾಗಿಲು ಎಳ್ಕೊಂಡು ಮೇಲೆ ಹೋಗಿಬಿಟ್ಟೆ."

ಬಾಗಿಲಿಗೆ ಒರಗಿದ್ದ ಅಣ್ಣನ ಹೆಂಡತಿ ನೆಟ್ಟಗಾದಳು. "ಮೇಲೆ ಹೋದ್ರಾ?"

ಮಗಳು ಅಪ್ಪನ ಕುರ್ಚಿಯ ಕಾಲು ಹಿಡಿದುಕೊಂಡಳು.

"ಅಕ್ಕಾ, ನಾನು ಅವರಿಗೆ ಊಟ ತಗೊಂಡು ಬಂದಾಗ ಅವರ ಮೈ ತಣ್ಣಗಾಗ್ತಿತ್ತು. ನಾನು ಕಿರುಚಿದ ಮೇಲೆ ನೀವು ಓಡಿ ಬಂದ್ರಿ. ನನ್ನ ತಬ್ಕೊಂಡು ಅತ್ತಿರಿ. ಅಲ್ಲೀತನಕ ಎಲ್ಲಿದ್ರಿ?"

"ಮೆಟ್ಟಿಲ ಮೇಲೆ ಕೂತಿದ್ದೆ."

"ಗೊತ್ತಿದ್ದೂ?"

"ಗೊತ್ತಿದ್ದೂ. ಆಂಬುಲೆನ್ಸಿಗೆ ಫೋನು ಮಾಡಿದ್ರೆ ಅಪ್ಪ ಸಿಕ್ಕಿಬೀಳ್ತಾರೆ ಅಂತ. ಫೋನು ಕೈಯಲ್ಲೇ ಇತ್ತು. ಮಾಡ್ಲಿಲ್ಲ."

ಅಣ್ಣನ ಹೆಂಡತಿ ಬೈಯಲಿಲ್ಲ, ಹೊಡೆಯಲಿಲ್ಲ. ಇಷ್ಟು ಹೊತ್ತು ಬೇಡವೆಂದಿದ್ದ ಸ್ಟೂಲಿನ ಮೇಲೆ ಕೂತಳು. ಮಗಳು ಆ ಕಡೆ ತಿರುಗಿ ಕೈ ಮುಗಿಯಲು ಹೋದಳು. ಕೈಗಳು ಅರ್ಧಕ್ಕೇ ನಿಂತವು. ಯಾವ ಮುಖ ಇಟ್ಟುಕೊಂಡು ಮುಗಿಯುವುದು?

"ನಾನು ಈ ಕುರ್ಚಿ ಬಿಟ್ಟು ಎದ್ದಿಲ್ಲ ಮಗಳೇ," ಎಂದರು ಮೇಷ್ಟ್ರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ದಿಗಿಲಿತ್ತು. "ಆ ಕೋಟು ಯಾವಾಗಲೂ ಆ ಮೊಳೆಯಲ್ಲೇ ಇರುತ್ತೆ. ನೀನು ನನ್ನ ಮುಖ ನೋಡಿದೆಯಾ?"

"ಇಲ್ಲ."

"ಮತ್ತೆ ನಾನೇ ಅಂತ ಹೇಗೆ ಅಂದ್ಕೊಂಡೆ?"

"ಕರೆದ್ರೆ ತಿರುಗಲಿಲ್ಲವಲ್ಲ ಅಪ್ಪ. ನಿಮಗೆ ಕೇಳಿಸಲ್ಲ ಅಂತ ಗೊತ್ತಿತ್ತಲ್ಲ."

ಇನ್ಸ್‌ಪೆಕ್ಟರಮ್ಮ ತಟಕ್ಕನೆ ತಲೆ ಎತ್ತಿದರು. ಬೆನ್ನ ಹಿಂದೆ ಯಾರೋ ಕರೆದರೆ ತಪ್ಪು ಮಾಡಿದವನು ಬೆಚ್ಚುತ್ತಾನೆ, ಇಲ್ಲವೇ ಓಡುತ್ತಾನೆ. ಕದಲದೆ ನಿಲ್ಲುವುದು ಎರಡೇ ಬಗೆಯ ಜನ. ಕರೆದದ್ದು ಕೇಳದವನು ಒಬ್ಬ. ಚೆನ್ನಾಗಿ ಕೇಳಿಸಿಕೊಂಡೂ, ಆ ಕೋಟಿನ ಯಜಮಾನನಿಗೆ ಕೇಳಿಸುವುದಿಲ್ಲ ಎಂದು ತಿಳಿದವನು ಇನ್ನೊಬ್ಬ.

"ಮೇಷ್ಟ್ರ ಕಿವಿಯ ವಿಷಯ ಯಾರ್ಯಾರಿಗೆ ಗೊತ್ತಿತ್ತು?" ಎಂದರು. "ಒಬ್ಬರನ್ನೂ ಬಿಡದೆ ಹೇಳಿ."

"ನಾನು ಯಾರಿಗೂ ಹೇಳಿಲ್ಲ," ಎಂದಳು ಮಗಳು.

"ಅಣ್ಣ ಸತ್ತರೂ ಹೇಳೋನಲ್ಲ," ಎಂದರು ಮೇಷ್ಟ್ರು.

ಸ್ಟೂಲಿನ ಮೇಲಿದ್ದವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತಿ ಸುತ್ತಿ ಬೆರಳು ಬಿಳಿಚಿಕೊಂಡಿತ್ತು.

"ನನಗೆ ಹೇಳಿದ್ರು," ಎಂದಳು. "ಗಂಡ ಹೆಂಡತಿ ಮಾತು. ಯಾರ ಹತ್ರನೂ ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು."

"ಬಿಟ್ರಾ?"

ಅವಳು ಮೇಷ್ಟ್ರ ಕಡೆ ನೋಡಲು ಹೋಗಿ, ಆಗದೆ, ಗೋಡೆ ನೋಡಿದಳು. "ಒಂದಿನ ನಗೋಕೆ ಅಂತ ಹೇಳಿಬಿಟ್ಟೆ ಮೇಡಂ. ಇಷ್ಟು ದೊಡ್ಡ ಹೆಸರು, ಬಾಗಿಲು ತಟ್ಟಿದ್ರೂ ಗೊತ್ತಾಗಲ್ಲ ಅಂತ. ಊಟಕ್ಕೆ ಕೂತಾಗ. ಇಬ್ಬರೂ ನಕ್ಕಿದ್ವಿ. ಕ್ಷಮಿಸಿ ಮೇಷ್ಟ್ರೇ."

ಮೇಷ್ಟ್ರಿಗೆ ಆ ಕ್ಷಮೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

"ಯಾರ ಹತ್ರ ನಕ್ಕಿದ್ದು?"

"ನನ್ನ ತಮ್ಮನ ಹತ್ರ. ಹಳೇ ಸ್ಪೀಕರು, ರೇಡಿಯೋ ಕೊಂಡು ಮಾರೋ ವ್ಯಾಪಾರ ಅವನದು. ಈ ಜೋಡಿ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣಿತ್ತು. ಒಳಗಿರೋ ಹಳೇ ಕ್ರಾಸ್‌ಓವರ್ ಎತ್ತಿಕೊಡು, ಅದಕ್ಕೇ ಒಳ್ಳೇ ಬೆಲೆ ಬರುತ್ತೆ, ಬದಲಿ ಹಾಕಿದ್ರೆ ಆ ಮುದುಕನಿಗೆ ಏನು ತಿಳಿಯುತ್ತೆ ಅಂತ ನಮ್ಮನೆಯವರನ್ನ ಪೀಡಿಸ್ತಿದ್ದ. ಇವರು ಬೈದು ಕಳಿಸಿದ್ರು. ಅವನು..." ತಾನು ಹೇಳುತ್ತಿರುವುದು ಅವಳಿಗೇ ಆಗ ಅರ್ಥವಾದಂತಿತ್ತು.

ಇನ್ಸ್‌ಪೆಕ್ಟರಮ್ಮ ಎದ್ದು ನಿಂತರು. "ಈಗ ಆಸ್ಪತ್ರೆಯಲ್ಲಿ ನಿಮ್ಮ ಯಜಮಾನರ ಹತ್ರ ಯಾರಿದ್ದಾರೆ?"

"ನೀವು ಬರೋಕೆ ಹೇಳಿದ್ರಲ್ಲ ಮೇಡಂ. ಅದಕ್ಕೆ ಅವನನ್ನೇ ಕೂರಿಸಿ ಬಂದೆ."

ಇನ್ಸ್‌ಪೆಕ್ಟರಮ್ಮ ದಫೇದಾರನ ಕಡೆ ತಿರುಗಿದರು. ಅವರು ಕೇಳುವ ಮೊದಲೇ ಅವನು ಇಲ್ಲವೆಂದು ತಲೆಯಾಡಿಸಿದ. "ಬಾಗಿಲಲ್ಲಿ ನಮ್ಮವರು ಯಾರೂ ಇಲ್ಲ ಮೇಡಂ. ನೀವೇ..." ಮಿಕ್ಕಿದ್ದನ್ನು ನುಂಗಿಕೊಂಡ.

"ಜೀಪು ತೆಗಿ!"

ಅವನು ಹೊಸಿಲು ದಾಟುವಷ್ಟರಲ್ಲಿ ಸ್ಟೂಲಿನ ಮೇಲಿದ್ದವಳ ಮಡಿಲಲ್ಲಿ ಫೋನು ಗುರುಗುಟ್ಟಿತು. ಅವಳು ಅದನ್ನು ನೋಡಿ, ಕೆಂಡ ಮುಟ್ಟಿದವಳಂತೆ ಕೈ ಹಿಂದೆ ತೆಗೆದಳು.

"ಅವನೇ."

"ಎತ್ತಿ," ಎಂದರು ಇನ್ಸ್‌ಪೆಕ್ಟರಮ್ಮ, ಅವಳ ಭುಜ ಹಿಡಿದು. "ಏನೂ ಗೊತ್ತಿಲ್ಲದ ಹಾಗೆ ಮಾತಾಡಿ. ಎಲ್ಲರಿಗೂ ಕೇಳೋ ಹಾಗೆ ಹಿಡೀರಿ."

ಅವಳು ಗುಂಡಿ ಒತ್ತಿದಳು. "ಹಲೋ," ಎಂದಳು.

"ಅಕ್ಕಾ, ಒಳ್ಳೇ ಸುದ್ದಿ." ತಮ್ಮನ ದನಿ ಶಾಂತವಾಗಿತ್ತು, ತೊಟ್ಟಿಲು ತೂಗುವವನ ಹಾಗೆ. "ಭಾವ ಕಣ್ಣು ಬಿಟ್ಟಿದ್ದಾರೆ. ನನ್ನನ್ನೇ ನೋಡ್ತಿದ್ದಾರೆ, ಏನೋ ಹೇಳೋಕೆ ಒದ್ದಾಡ್ತಿದ್ದಾರೆ."

"ಡಾಕ್ಟರು... ಡಾಕ್ಟರನ್ನ ಕರೆದೆಯಾ?"

"ಯಾಕೆ ಅವಸರ? ಇನ್ನೂ ಯಾರಿಗೂ ಹೇಳಿಲ್ಲ. ನೀನು ನಿಧಾನವಾಗಿ ಬಾ, ನಾನಿದ್ದೀನಲ್ಲ. ಯಾರೂ ತೊಂದರೆ ಕೊಡದೆ ಇರಲಿ ಅಂತ ಬಾಗಿಲಿಗೆ ಒಳಗಿಂದ ಚಿಲಕ ಹಾಕಿದ್ದೀನಿ."